ಸ್ಕ್ಯಾನಿಂಗಿನ ಬಳಿಕದ ದಿನಗಳು

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವಿದೆ. ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಮಗುವಿಗೆ ದೊಡ್ಡ ತೊಂದರೆಯಿದೆ ಎಂದಾಗ ಅಂಥ ಸುಲಭದ ಮದ್ದಿಲ್ಲ.

ಕಾಸರಗೋಡಿನ ನಮಗೆ ಈ ಸಂಕಟ ಹೊಸತಲ್ಲ. 2000ದ ವರೆಗೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಊರುಗಳಲ್ಲಿ, ನಡೆಯಲಾರದ ಮಕ್ಕಳನ್ನು ಎತ್ತಿಕೊಂಡೇ ಮುದುಕಿಯರಾದ ತಾಯಂದಿರಿದ್ದಾರೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಮಗುವಿಗೆ ಸ್ನಾನ ಮಾಡಿಸುವ ಕೈ ಹಣದಿಂದ ಬರುವುದಿಲ್ಲ.

ಗಂಭೀರ ನ್ಯೂನತೆಯಿದ್ದು ವೈದ್ಯಕೀಯ ಮಂಡಳಿ ಒಪ್ಪಿದರೆ 24 ವಾರಗಳ ಬಳಿಕವೂ ಗರ್ಭಪಾತಕ್ಕೆ 2021ರ ತಿದ್ದುಪಡಿ ಎಡೆಕೊಟ್ಟಿದೆ. ಧರ್ಮಸಭೆ ಇದನ್ನು ಒಪ್ಪುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಆದರೆ ಬುದ್ಧಿ ಹೇಳಿ ಮನೆಗೆ ಹೋಗುವುದು ಸುಲಭ; ನಾವು ಅಷ್ಟಕ್ಕೇ ನಿಲ್ಲುತ್ತೇವೆ.

ಮೊದಲು, ಅವಸರ ಬೇಡ. ತಲೆಯಲ್ಲಿ ನೀರು ತುಂಬಿದ್ದರೆ ಹೆರಿಗೆಯ ಬಳಿಕ ಕೊಳವೆ ಇಡುವ ಶಸ್ತ್ರಚಿಕಿತ್ಸೆಯುಂಟು. ತಲೆಬುರುಡೆಯೇ ಬೆಳೆಯದ ಮಗು ಉಳಿಯುವುದಿಲ್ಲ. ಎರಡೂ ಒಂದೇ ಅಲ್ಲ. ಇನ್ನೊಬ್ಬ ತಜ್ಞರಿಗೆ ತೋರಿಸಿ, ಗಂಡ ಹೆಂಡತಿ ಇಬ್ಬರೂ ಕೂತು ಕೇಳಬೇಕು. ಗ್ರಹಣ, ಶಾಪ ಎಂದು ಸೊಸೆಯನ್ನು ದೂರುವ ಮಾತು (ನಮ್ಮ ಮನೆಗಳಲ್ಲೂ ಇದೆ) ನಿಲ್ಲಲಿ.

ಅವರು ಆಸ್ಪತ್ರೆಗೆ ಹೋದ ದಿನ ದನಕ್ಕೆ ಹುಲ್ಲು ಹಾಕಿ, ಹಾಲನ್ನು ಸೊಸೈಟಿಗೆ ಮುಟ್ಟಿಸುವ ಕೆಲಸವನ್ನು ವಾರ್ಡಿನವರು ವಹಿಸಿಕೊಳ್ಳಲಿ. ಗುರಿಕಾರರು ಯಾರ ಸರದಿ ಎಂದು ಈಗಲೇ ನಿಶ್ಚಯಿಸಬಹುದು.