ಹಿಂಬಾಗಿಲಿನ ಭಟ್ಕಳ

ಅಡ್ಡಗದ್ದೆಯವರಾದ ನಾವು ರೈಲು ಹತ್ತಬೇಕಾದರೆ ಘಟ್ಟವಿಳಿಯಬೇಕು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಉಡುಪಿಯಿಂದ ಭಟ್ಕಳಕ್ಕೆ ಸುಖವಾಗಿ ಮುಟ್ಟಿಸುತ್ತದೆ, ನಿಜ. ಆದರೆ ಕಡಲಿಗೆ ಮುಖಮಾಡಿ ಬೆಳೆದ ಊರಿಗೆ ನಿಲ್ದಾಣವು ಹಿಂಬಾಗಿಲು. ಮುಂಬಾಗಿಲು ಬಂದರು. ವಿಜಯನಗರದ ಕುದುರೆಗಳು ಇಳಿದದ್ದು ಅಲ್ಲಿ. ಘಟ್ಟದ ಮೆಣಸು ಹಡಗೇರಿದ್ದೂ ಅಲ್ಲಿ. 1502ರಲ್ಲಿ ವಾಸ್ಕೋ ಡ ಗಾಮ ಕಪ್ಪಕ್ಕಾಗಿ ಬಂದೆರಗಿದ್ದೂ ಅಲ್ಲಿಯೇ. ಹಂಪೆಗೆ ತಪ್ಪದೆ ಹೋಗುವ ನಮ್ಮ ಕಾಲೇಜು ಪ್ರವಾಸಗಳು ಹಂಪೆಯನ್ನು ಸಾಕಿದ ಈ ಬಂದರಿಗೆ ಬರುವುದು ಅಪರೂಪ. ಕನ್ನಡದ ವಿದ್ಯಾರ್ಥಿಗಳಂತೂ ಬರಲೇಬೇಕು: 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಳಂಕನ ಗುರುಪೀಠವಿದ್ದ ಹಾಡುವಳ್ಳಿ ಈ ತಾಲ್ಲೂಕಿನದು. ವ್ಯಾಕರಣ ಬೇಡವೆನ್ನುವವರು (ಅಂಥವರೇ ಹೆಚ್ಚೆಂದು ಬಲ್ಲೆ) ನೇರವಾಗಿ ದಕ್ಕೆಗೆ ನಡೆಯಲಿ. ಅಲ್ಲಿ ಬಂಗುಡೆ ಬುಟ್ಟಿಗಳ ನಡುವೆ ಕನ್ನಡ, ಕೊಂಕಣಿ, ನವಾಯತಿಗಳು ಒಂದೇ ಉಸಿರಿನಲ್ಲಿ ಚೌಕಾಸಿ ನಡೆಸುತ್ತವೆ; ಅಷ್ಟು ಭಾಷಾಶಾಸ್ತ್ರ ನನ್ನ ತರಗತಿಯಲ್ಲಿ ದೊರೆಯದು.