ಎಂಟು ಸೀಟಿನ ವ್ಯಾಮೋಹ ಬಿಡೋಣ



ಯುಗಾದಿ ಕೂಟದ ದಿನ ಹೋಳಿಗೆ ಊಟ ಮುಗಿಸಿ ಸಭಾಂಗಣದ ಹೊರಗೆ ನಿಂತಿದ್ದಾಗ ನಡೆದ ಮಾತುಕತೆಯೊಂದು ಈ ಬರಹಕ್ಕೆ ಕಾರಣ. ಹೊಸದಾಗಿ ಬಂದಿರುವ ದಂಪತಿ, ಇಬ್ಬರು ಚಿಕ್ಕ ಮಕ್ಕಳು. ಕಾರು ಕೊಳ್ಳಬೇಕಾಗಿದೆ, ಕೈಯಲ್ಲಿ 8 ಲಕ್ಷ ಯೆನ್ ಇದೆ, ಅದರ ಮೇಲೆ ಹೋಗುವ ಶಕ್ತಿಯಿಲ್ಲ ಎಂದು ಸಂಕೋಚದಿಂದ ಹೇಳಿಕೊಂಡರು. ಕೂಡಲೇ ಸುತ್ತ ನಿಂತಿದ್ದವರೆಲ್ಲ ತಜ್ಞರಾದರು. "ಅಪ್ಪ ಅಮ್ಮ ಬರ್ತಾರಲ್ಲ, ಎಂಟು ಸೀಟಿಂದೇ ತಗೊಳ್ಳಿ" ಎಂದರು ಒಬ್ಬರು. "ಹನ್ನೆರಡು ವರ್ಷ ಹಳೇದಾದರೆ ಅದೇ ದುಡ್ಡಿಗೆ ದೊಡ್ಡ ಗಾಡಿ ಬರುತ್ತೆ" ಎಂದರು ಇನ್ನೊಬ್ಬರು. "ಹೈಬ್ರಿಡ್ ಬಿಟ್ಟು ಬೇರೆ ನೋಡಲೇಬೇಡಿ" ಎಂದರು ಮತ್ತೊಬ್ಬರು. "ನಮ್ಮ ಸ್ನೇಹಿತರು ಊರಿಗೆ ವಾಪಸ್ ಹೋಗ್ತಿದ್ದಾರೆ, ಅವರದ್ದು ಸುಮ್ಮನೆ ಅನ್ನೋ ಬೆಲೆಗೆ ಸಿಗುತ್ತೆ" ಎಂದರು ಮಗುದೊಬ್ಬರು.

"ಸಾಧಾರಣ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದು ಸಾಕು" ಎಂದು ಯಾರೂ ಹೇಳಲಿಲ್ಲ. ನಾವೂ ಹೇಳಲಿಲ್ಲ. ಹಣ ತೆತ್ತು ಪಾಠ ಕಲಿತ ನಾವು ಬಾಯಿ ಬಿಡಬೇಕಾಗಿತ್ತು. ಆ ದಿನದ ಮೌನಕ್ಕೆ ಪ್ರಾಯಶ್ಚಿತ್ತವಾಗಿ ಇಂದು ಬರೆಯುತ್ತಿದ್ದೇವೆ. ಕೆಲವರಿಗೆ ಬೇಸರವಾದೀತು. ಆಗಲಿ, ಮುಂದಿನ ಸಂಚಿಕೆಗೆ ಉತ್ತರ ಬರೆಯಲಿ.

ಮೊದಲು ನಮ್ಮ ಕಥೆ. ನಾವು ನಾಲ್ವರ ಕುಟುಂಬ. ಇಲ್ಲಿಗೆ ಬಂದ ನಾಲ್ಕನೆಯ ವರ್ಷ 2 ಲೀಟರ್ ಎಂಜಿನ್ನಿನ, ಹನ್ನೆರಡು ವರ್ಷ ಹಳೆಯ ಎಂಟು ಸೀಟಿನ ಗಾಡಿಯೊಂದನ್ನು 6 ಲಕ್ಷ ಯೆನ್ ಕೊಟ್ಟು ಕೊಂಡೆವು. ಕಾರಣ ಅದೇ, ಅಪ್ಪ ಅಮ್ಮ ಬರುತ್ತಾರೆ. ಬಂದರು. ವೀಸಾ 90 ದಿನಗಳದ್ದು. ಆ 90 ದಿನಗಳಲ್ಲಿ ಅವರು ಗಾಡಿಯಲ್ಲಿ ಕೂತದ್ದು ಐದೇ ಸಲ. ಅಮ್ಮನಿಗೆ ಮಂಡಿ ನೋವು. ಎರಡನೆಯ ಸಲ ಹತ್ತುವಾಗಲೇ "ಈ ಲಾರಿ ಯಾಕೋ ತಗೊಂಡೆ? ರೈಲೇ ಸುಖ" ಎಂದುಬಿಟ್ಟರು. ಅವರು ಹೋದ ಮೇಲೆ ಹಿಂದಿನ ಸಾಲಿನಲ್ಲಿ ಪ್ರಯಾಣ ಮಾಡಿದ್ದು ಅಕ್ಕಿ ಮೂಟೆ ಮಾತ್ರ. ಮುಂದಿನ ವರ್ಷ ಶಾಕೆನ್ ಬಂತು. ಹದಿಮೂರು ವರ್ಷ ದಾಟಿದ್ದರಿಂದ ತೆರಿಗೆ ಏರಿತ್ತು. ನಾಲ್ಕು ಟೈರು, ಬ್ರೇಕು, ಜಾರುಬಾಗಿಲಿನ ಮೋಟಾರು ಎಲ್ಲ ಸೇರಿ ಬಂದ ಬಿಲ್ಲು ಗಾಡಿಯ ಬೆಲೆಯ ಅರ್ಧದಷ್ಟಿತ್ತು. ಮಗಳನ್ನು ಊರಿಗೆ ಕರೆದೊಯ್ಯಲು ಕೂಡಿಟ್ಟಿದ್ದ ಹಣ ಅದಕ್ಕೆ ಹೋಯಿತು. ಆ ಬೇಸಿಗೆಯಲ್ಲಿ ಅವಳು ಅಜ್ಜಿಯ ಮನೆ ನೋಡಲಿಲ್ಲ.

ಈ ಎಂಟು ಸೀಟಿನ ಆಸೆ ನಮಗೆಲ್ಲಿಂದ ಬಂತು? ನಮ್ಮ ಬಿಡದಿಯಿಂದಲೇ ಬಂತು ಎನ್ನಬೇಕು. 2000ದಲ್ಲಿ ಅಲ್ಲಿಂದ ಕ್ವಾಲಿಸ್ ಹೊರಬಿತ್ತು, 2005ರಲ್ಲಿ ಇನ್ನೋವಾ. ಅಜ್ಜಿ, ಚಿಕ್ಕಪ್ಪ, ಅತ್ತೆ, ಮಕ್ಕಳು ಎಲ್ಲರೂ ಒಂದೇ ಗಾಡಿಯಲ್ಲಿ ಧರ್ಮಸ್ಥಳಕ್ಕೂ ತಿರುಪತಿಗೂ ಹೋಗಿಬಂದ ನೆನಪು ನಮ್ಮಲ್ಲಿ ಅನೇಕರಿಗಿದೆ. ಆ ನೆನಪು ಸಿಹಿಯಾದದ್ದು. ಆದರೆ ಆ ಗಾಡಿ ಸಾಮಾನ್ಯವಾಗಿ ಬಾಡಿಗೆಯದ್ದು, ಅದಕ್ಕೊಬ್ಬ ಡ್ರೈವರ್ ಇದ್ದ, ವರ್ಷಕ್ಕೆ ಒಂದೆರಡು ಸಲ ಹತ್ತಿ ಇಳಿದೆವು ಎಂಬುದನ್ನು ನಾವು ಮರೆಯುತ್ತೇವೆ. ಇಲ್ಲಿಯೂ ಹಾಗೆಯೇ ಮಾಡಬಹುದಲ್ಲ? ಅಪ್ಪ ಅಮ್ಮ ಬಂದಾಗ ನಿಕ್ಕೋಗೋ ಫುಜಿಯ ಕಡೆಗೋ ಹೋಗಲು ಎರಡು ದಿನಕ್ಕೆ ದೊಡ್ಡ ಗಾಡಿ ಬಾಡಿಗೆಗೆ ತರೋಣ. ಎರಡು ದಿನದ ಅಗತ್ಯಕ್ಕೆ ಮುನ್ನೂರ ಅರವತ್ತೈದು ದಿನ ತೆರಿಗೆ ಕಟ್ಟುವುದು ಯಾವ ಜಾಣತನ?

ಈಗ ಲೆಕ್ಕಕ್ಕೆ ಬರೋಣ. ಜಪಾನಿನಲ್ಲಿ ಗಾಡಿಯ ನಿಜವಾದ ಬೆಲೆ ಗಾಜಿನ ಮೇಲೆ ಅಂಟಿಸಿದ ಚೀಟಿಯಲ್ಲಿಲ್ಲ, ಅದರ ವಯಸ್ಸು ಮತ್ತು ತೂಕದಲ್ಲಿದೆ. ಹೊಸ ಗಾಡಿಗೆ ಮೂರು ವರ್ಷದ ನಂತರ, ಆಮೇಲೆ ಎರಡು ವರ್ಷಕ್ಕೊಮ್ಮೆ ಶಾಕೆನ್. ಅದರೊಂದಿಗೆ ತೂಕದ ತೆರಿಗೆ, ಕಡ್ಡಾಯ ವಿಮೆ. ಇದಲ್ಲದೆ ಏಪ್ರಿಲ್ 1ರಂದು ಗಾಡಿ ಯಾರ ಹೆಸರಿನಲ್ಲಿದೆಯೋ ಅವರು ಎಂಜಿನ್ನಿನ ಅಳತೆಗೆ ತಕ್ಕ ವಾರ್ಷಿಕ ತೆರಿಗೆ ಕಟ್ಟಬೇಕು. 2 ಲೀಟರಿನ ಹಳೆಯ ಪೆಟ್ರೋಲ್ ಗಾಡಿಗೆ ಇದು 39,500 ಯೆನ್, ಹದಿಮೂರು ವರ್ಷ ದಾಟಿದರೆ 45,400. ಒಂದೂವರೆ ಟನ್ನಿಗಿಂತ ಹೆಚ್ಚು ಭಾರವಿದ್ದು ಹದಿಮೂರು ದಾಟಿದರೆ ಎರಡು ವರ್ಷದ ತೂಕದ ತೆರಿಗೆ 45,600.

ಇದರ ಪಕ್ಕದಲ್ಲಿ 2018ರ 1.2 ಲೀಟರ್ ಸ್ವಿಫ್ಟ್ ನಿಲ್ಲಿಸಿ. ವಾರ್ಷಿಕ ತೆರಿಗೆ 34,500. ತೂಕ ಒಂದು ಟನ್ನಿನೊಳಗೆ, ಆದ್ದರಿಂದ ರಿಯಾಯಿತಿ ಏನೂ ಇಲ್ಲವೆಂದು ಹಿಡಿದರೂ ಎರಡು ವರ್ಷಕ್ಕೆ 16,400. ಎರಡು ವರ್ಷದ ಎರಡೂ ತೆರಿಗೆ ಕೂಡಿದರೆ ದೊಡ್ಡ ಗಾಡಿಗೆ 1,36,400, ಸಣ್ಣದಕ್ಕೆ 85,400. ಪೆಟ್ರೋಲು, ಟೈರು, ರಿಪೇರಿ ಸೇರಿಸುವ ಮೊದಲೇ 51,000 ಯೆನ್ ವ್ಯತ್ಯಾಸ! 2019ರ ಅಕ್ಟೋಬರ್ 1 ಅಥವಾ ಆಮೇಲೆ ಮೊದಲ ನೋಂದಣಿಯಾದ ಗಾಡಿ ಸಿಕ್ಕರೆ ಇನ್ನೂ ಲಾಭ. 1ರಿಂದ 1.5 ಲೀಟರಿನವಕ್ಕೆ ವಾರ್ಷಿಕ ತೆರಿಗೆ 30,500ಕ್ಕೆ ಇಳಿದಿದೆ.

ನಿಲ್ಲಿಸುವ ಜಾಗದ ಮಾತು ಇನ್ನೊಂದು. ಮನೆಯಿಂದ ಎರಡು ಕಿಲೋಮೀಟರಿನೊಳಗೆ ಜಾಗವಿದೆಯೆಂದು ಪೊಲೀಸ್ ಠಾಣೆಯಿಂದ ಪತ್ರ ತರದೆ ಗಾಡಿ ನಮ್ಮ ಹೆಸರಿಗೆ ಬರುವುದಿಲ್ಲ. ನಮ್ಮಲ್ಲಿ ಅನೇಕರ ಮಾನ್ಷನ್ನುಗಳಲ್ಲಿ ಇರುವುದು ಯಂತ್ರದ ಪಾರ್ಕಿಂಗ್. ಅದರ ಎತ್ತರದ ಮಿತಿ ಹೆಚ್ಚಾಗಿ 1 ಮೀಟರ್ 55 ಸೆಂಟಿಮೀಟರ್. ಫಿಟ್, ಸ್ವಿಫ್ಟ್, ಡೆಮಿಯೋ, ಯಾರಿಸ್ ಇವೆಲ್ಲ ಅದರೊಳಗೆ ಸರಾಗವಾಗಿ ಹೋಗುತ್ತವೆ. ಎಂಟು ಸೀಟಿನವು ಹೋಗುವುದಿಲ್ಲ, ಎತ್ತರದ ಕೇ ಕಾರುಗಳೂ ಹೋಗುವುದಿಲ್ಲ. ಗಾಡಿ ಕೊಂಡ ಮೇಲೆ ಹೊರಗೆ ಬಾಡಿಗೆಗೆ ಜಾಗ ಹುಡುಕಿದವರನ್ನು ನಾವು ಕಂಡಿದ್ದೇವೆ.

"ಹಾಗಾದರೆ ಹೈಬ್ರಿಡ್ ಏಕೆ ಬೇಡ?" ಎಂದು ಕೇಳುವಿರಿ. ದಿನವೂ ನಲವತ್ತು ಕಿಲೋಮೀಟರ್ ಓಡಿಸಿ ಕೆಲಸಕ್ಕೆ ಹೋಗುವ ಹಮಾಮತ್ಸುವಿನ, ಐಚಿಯ ಸದಸ್ಯರು ಖಂಡಿತ ಕೊಳ್ಳಲಿ. ಹೈಬ್ರಿಡ್ಡಿಗೆ ಹದಿಮೂರನೆಯ ವರ್ಷದ ವಾಹನ ತೆರಿಗೆ ಏರಿಕೆ ಇಲ್ಲವೆಂಬುದೂ ನಿಜ. ಆದರೆ ವಾರಕ್ಕೊಮ್ಮೆ ದಿನಸಿ, ಮಗುವಿನ ಈಜು ತರಗತಿ, ತಿಂಗಳಿಗೊಂದು ಸುತ್ತಾಟ ಇಷ್ಟೇ ಇರುವ ಮನೆಯಲ್ಲಿ ವರ್ಷಕ್ಕೆ 5,000 ಕಿಲೋಮೀಟರ್ ಆದರೆ ಹೆಚ್ಚು. ಪೆಟ್ರೋಲ್ ಗಾಡಿ ಲೀಟರಿಗೆ 18, ಹೈಬ್ರಿಡ್ 25 ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಉಳಿಯುವುದು ವರ್ಷಕ್ಕೆ ಸುಮಾರು 78 ಲೀಟರ್. ಲೀಟರಿಗೆ 170 ಯೆನ್ ಹಿಡಿದರೂ 13,000 ಯೆನ್ ಚಿಲ್ಲರೆ. ಕೊಳ್ಳುವಾಗ 3 ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ಮರಳಿ ಬರಲು ಇಪ್ಪತ್ತು ವರ್ಷಕ್ಕೂ ಮೇಲೆ ಬೇಕು. ಅಷ್ಟರಲ್ಲಿ ಹಿಂದಿನ ಸೀಟಿನ ಮಗುವಿಗೇ ಮದುವೆ ವಯಸ್ಸಾಗಿರುತ್ತದೆ.

ಕೇ ಕಾರಿನ ಬಗ್ಗೆ ನಮಗೆ ದ್ವೇಷವಿಲ್ಲ. ತೆರಿಗೆ ಕಡಿಮೆ, ಓಣಿಗಳಲ್ಲಿ ಸುಲಭ. ಆದರೆ 660 ಸಿ.ಸಿ. ಎಂಜಿನ್ನು, ನಾಲ್ಕೇ ಸೀಟು. ನಾಲ್ವರೂ ಕೂತು, ಸಾಮಾನು ತುಂಬಿ, ಹೆದ್ದಾರಿಯ ಏರು ಹತ್ತುವಾಗ ಅದರ ಕಷ್ಟ ಗೊತ್ತಾಗುತ್ತದೆ. ಜನಪ್ರಿಯ ಕೇಗಳ ಸೆಕೆಂಡ್ ಹ್ಯಾಂಡ್ ಬೆಲೆಯೂ ಹ್ಯಾಚ್‌ಬ್ಯಾಕಿಗಿಂತ ಕಡಿಮೆಯಿರುತ್ತದೆ ಎಂಬ ಭರವಸೆ ಇಲ್ಲ. ಮನೆಯ ಎರಡನೆಯ ಗಾಡಿಯಾಗಿ ಒಳ್ಳೆಯದು, ಒಂದೇ ಗಾಡಿಯಾದರೆ ಯೋಚಿಸಿ. ಇನ್ನು ನಿಶಿಕಸಾಯಿಯಂಥ ಕಡೆ ನಿಲ್ದಾಣದ ಪಕ್ಕದಲ್ಲೇ ಇರುವವರಿಗೆ ನಮ್ಮ ಸಲಹೆ ಕಾರೇ ಬೇಡ ಎಂಬುದು. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ನಮ್ಮ ಹಿರಿಯರು ಸುಮ್ಮನೆ ಮಾಡಲಿಲ್ಲ.

ಪ್ರತಿಷ್ಠೆಯ ಪ್ರಶ್ನೆಯೂ ಇದೆ, ಮುಚ್ಚಿಡುವುದೇಕೆ? ಆ ಲಾರಿ ಮಾರಿ ಸ್ವಿಫ್ಟ್ ತಂದಾಗ ಊರಿನಿಂದ ಸೋದರಮಾವ ಫೋನಿನಲ್ಲಿ, "ಏನೋ, ಜಪಾನಿಗೆ ಹೋಗಿ ಸ್ವಿಫ್ಟ್ ತಗೊಂಡ್ಯೇನೋ? ಇಲ್ಲಿ ಟ್ಯಾಕ್ಸಿಯವರೂ ಅದನ್ನೇ ಓಡಿಸ್ತಾರಲ್ಲೋ!" ಎಂದರು. ದಿನವಿಡೀ ಓಡಿಸಿ ಹೊಟ್ಟೆ ಹೊರೆಯುವ ಟ್ಯಾಕ್ಸಿಯವರು ನೆಚ್ಚಿದ ಗಾಡಿ ಕೆಟ್ಟದ್ದಾಗುವುದು ಹೇಗೆ, ಮಾವ? ನಮ್ಮ ಹರಿಯಾಣದ ಮಾನೇಸರಿನಲ್ಲಿ ತಯಾರಾದ ಬಲೆನೋ ಹ್ಯಾಚ್‌ಬ್ಯಾಕನ್ನೇ ಸುಜುಕಿಯವರು 2016ರಿಂದ 2020ರವರೆಗೆ ಇಲ್ಲಿಗೆ ತಂದು ಮಾರಿದರು. ಅದರತ್ತ ನಮ್ಮವರೇ ತಿರುಗಿ ನೋಡುವುದು ಕಡಿಮೆ. ಹಿತ್ತಲ ಗಿಡ ಮದ್ದಲ್ಲ!

ಹಾಗಾದರೆ ಹೇಗೆ ಆರಿಸಬೇಕು? ಐದರಿಂದ ಎಂಟು ವರ್ಷದ, 1ರಿಂದ 1.5 ಲೀಟರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಹುಡುಕಿ. ಹದಿಮೂರು ವರ್ಷ ತುಂಬಲು ಇನ್ನೂ ಐದು ವರ್ಷವಾದರೂ ಇರಲಿ. ಬೆಲೆ ಕೇಳುವಾಗ "ಷಿಹರಾಯ್ ಸೋಗಾಕು" ಅಂದರೆ ಎಲ್ಲ ಸೇರಿದ ಮೊತ್ತವನ್ನೇ ಕೇಳಿ. 2023ರ ಅಕ್ಟೋಬರ್‌ನಿಂದ ವ್ಯಾಪಾರಿಗಳು ಅದನ್ನೇ ತೋರಿಸಬೇಕೆಂಬ ನಿಯಮವಿದೆ. "ಷೂಫುಕುರೆಕಿ" ಎಂಬಲ್ಲಿ "ನಾಶಿ" ಎಂದಿರಬೇಕು. "ಆರಿ" ಎಂದಿದ್ದರೆ ಗಾಡಿಯ ಎಲುಬಿಗೇ ಪೆಟ್ಟು ಬಿದ್ದು ರಿಪೇರಿಯಾಗಿದೆ ಎಂದರ್ಥ, ಮಕ್ಕಳನ್ನು ಕೂರಿಸುವ ಗಾಡಿಗೆ ಅದು ಬೇಡ. "ಕಿರೊಕುಬೊ" ಎಂಬ ದುರಸ್ತಿ ದಾಖಲೆಯ ಪುಸ್ತಕ ಕೇಳಿ, ಎಣ್ಣೆ ಬದಲಿಸಿದ ದಿನಾಂಕಗಳನ್ನು ಓದಿ. ಟೈರಿನ ಪಕ್ಕದ ನಾಲ್ಕು ಅಂಕಿ ನೋಡಿ, 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ಮಾಡಿದ ಟೈರು. ಹಿಮದ ನಾಡಿನಿಂದ ಬಂದ ಗಾಡಿಯಾದರೆ ಬಗ್ಗಿ ತಳ ನೋಡಿ, ರಸ್ತೆಗೆ ಸುರಿಯುವ ಉಪ್ಪು ಕಬ್ಬಿಣ ತಿನ್ನುತ್ತದೆ. ಚಾಸಿ ನಂಬರ್ ಕೊಟ್ಟು ರೀಕಾಲ್ ಬಾಕಿಯಿದೆಯೇ ವಿಚಾರಿಸಿ.

ದೊಡ್ಡ ಬೋರ್ಡು ಕಂಡು ಕಣ್ಣು ಮುಚ್ಚಿ ನಂಬಬೇಡಿ. ದೇಶಕ್ಕೆಲ್ಲ ಹೆಸರಾಗಿದ್ದ ಬಿಗ್ ಮೋಟರ್ ಕಂಪನಿಯ ರಿಪೇರಿ ಶಾಲೆಗಳಲ್ಲಿ ವಿಮೆ ಹಣ ಹೆಚ್ಚಿಸಲು ಗ್ರಾಹಕರ ಗಾಡಿಗಳಿಗೆ ಬೇಕೆಂದೇ ಪೆಟ್ಟು ಹಾಕಿದ್ದು ಬಯಲಾಗಿ 2023ರ ಜುಲೈನಲ್ಲಿ ಅದರ ಅಧ್ಯಕ್ಷರು ರಾಜೀನಾಮೆ ಕೊಟ್ಟರು. "ನಮ್ಮವರು" ಎಂಬ ಬೋರ್ಡನ್ನೂ ಹಾಗೆಯೇ ಕಣ್ಣು ಮುಚ್ಚಿ ನಂಬಬಾರದು. ಕಾಗದ ನೋಡಿ.

ಕೊನೆಯ ಮಾತು ಊರಿಗೆ ಮರಳುವ ಸದಸ್ಯರಿಗೆ. ಬೀಳ್ಕೊಡುಗೆಯ ಗಡಿಬಿಡಿಯಲ್ಲಿ ಕೀಲಿ ಕೊಟ್ಟು "ಹೆಸರು ಆಮೇಲೆ ಬದಲಾಯಿಸಿಕೊಳ್ಳಿ" ಎಂದು ಹೋಗುವ ಪದ್ಧತಿ ನಿಲ್ಲಬೇಕು. ಕಾನೂನಿನ ಪ್ರಕಾರ 15 ದಿನಗಳೊಳಗೆ ಹೆಸರು ಬದಲಾಗಬೇಕು. ಸಾಮಾನ್ಯ ಕಾರಿನ ಹೆಸರು ಬದಲಾವಣೆಗೆ ಕೊಡುವವರ ಮುದ್ರೆಯ ಪ್ರಮಾಣಪತ್ರ ಬೇಕು. ನೀವು ದೇಶ ಬಿಟ್ಟಿರೆಂದು ನಗರಸಭೆಯಲ್ಲಿ ದಾಖಲಾದೊಡನೆ ಆ ಮುದ್ರೆಯ ನೋಂದಣಿಯೇ ರದ್ದಾಗುತ್ತದೆ. ಆಮೇಲೆ ತೆರಿಗೆ ಚೀಟಿ ಖಾಲಿ ಮನೆಗೆ ಬರುತ್ತದೆ, ತೆರಿಗೆ ಕಟ್ಟದಿದ್ದರೆ ಶಾಕೆನ್ ಆಗುವುದಿಲ್ಲ, ಕೊಂಡವರು ಮೈಸೂರಿಗೂ ಹುಬ್ಬಳ್ಳಿಗೂ ಫೋನ್ ಮಾಡುತ್ತ ಕೂರಬೇಕು. ಹಲವು ವರ್ಷದ ಸ್ನೇಹ ಒಂದು ಕಾರಿನಿಂದ ಹಳಸಿದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ.

ಆದ್ದರಿಂದ ಸಂಪಾದಕರಲ್ಲಿ ಒಂದು ವಿನಂತಿ. ಈ ಪತ್ರಿಕೆಯಲ್ಲಿ "ಕಾರು ಮಾರಾಟಕ್ಕಿದೆ" ಎಂಬ ಪ್ರಕಟಣೆ ಹಾಕುವವರು ನಾಲ್ಕು ಸಂಗತಿ ಬರೆಯಲೇಬೇಕೆಂದು ನಿಯಮ ಮಾಡಿ: ಮೊದಲ ನೋಂದಣಿಯ ತಿಂಗಳು, ಶಾಕೆನ್ ಮುಗಿಯುವ ದಿನ, ಷೂಫುಕುರೆಕಿ ಇದೆಯೋ ಇಲ್ಲವೋ, ಕಿರೊಕುಬೊ ಇದೆಯೋ ಇಲ್ಲವೋ. 2023ರ ನಂತರದ ಚಿಕ್ಕ ಶಾಕೆನ್ ಪತ್ರದ ಮೇಲೆ ಮುಗಿಯುವ ದಿನ ಅಚ್ಚಾಗಿರುವುದಿಲ್ಲ, ಅದರೊಳಗಿನ ಚಿಪ್ಪನ್ನು ಫೋನಿನಿಂದ ಓದಬೇಕು. ಆದ್ದರಿಂದ ಮಾರುವವರೇ ಓದಿ ಬರೆಯಲಿ. ಈ ನಾಲ್ಕನ್ನು ಬರೆಯಲು ಹಿಂಜರಿಯುವವರ ಗಾಡಿಗೆ ನಮ್ಮ ಪತ್ರಿಕೆಯಲ್ಲಿ ಜಾಗ ಬೇಡ.

ಯುಗಾದಿಯಂದು ಕಂಡ ಆ ದಂಪತಿಗೆ ನಾವು ಮರುದಿನವೇ ಫೋನ್ ಮಾಡಿದೆವು. ಅವರಿನ್ನೂ ಕೊಂಡಿಲ್ಲ. ಮುಂದಿನ ಭಾನುವಾರ ಅವರೊಂದಿಗೆ ಗಾಡಿ ನೋಡಲು ಹೋಗುತ್ತಿದ್ದೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ನಿದ್ದೆಯಾದರೂ ಬರುತ್ತದೆ.

ಇಂತಿ,
ಹಿಂದಿನ ಸಾಲಿನಲ್ಲಿ ಅಕ್ಕಿ ಮೂಟೆ ಸಾಗಿಸಿದ ಒಂದು ಸದಸ್ಯ ಕುಟುಂಬ