ಓದಲಾಗದ ಕಾಗದಕ್ಕೆ ರುಜು ಹಾಕಬೇಡಿ!

ಕನ್ನಡಿಗರೇ, ಎಚ್ಚರ! ಮಾಲುಗಳ ಬಾಗಿಲಲ್ಲಿ, ಪೆಟ್ರೋಲ್ ಬಂಕುಗಳಲ್ಲಿ, ಕಂಪನಿಗಳ ಗೇಟಿನ ಮುಂದೆ ಟೈ ಕಟ್ಟಿದ ಹುಡುಗರು ಮೇಜು ಹಾಕಿಕೊಂಡು ನಿಂತಿದ್ದಾರೆ. ಫೋನಿನಲ್ಲೂ ಅದೇ ಕಾಟ. "ಸರ್, ಕ್ರೆಡಿಟ್ ಕಾರ್ಡ್, ಜೀವನಪೂರ್ತಿ ಫ್ರೀ!" ಮಾತೆಲ್ಲ ಸಕ್ಕರೆ. ಕೈಗಿಡುವ ಕಾಗದ ಮಾತ್ರ ಇರುವೆ ಸಾಲಿನಂಥ ಇಂಗ್ಲಿಷ್. "ಇಲ್ಲಿ ಟಿಕ್ ಇರುವ ಕಡೆ ಸೈನ್ ಮಾಡಿ ಸಾಕು" ಎನ್ನುತ್ತಾರೆ. ನಮ್ಮವರು ಮಾಡಿಬಿಡುತ್ತಾರೆ. ಓದಲಾಗದ ಕ್ರಯಪತ್ರಕ್ಕೆ ರುಜು ಹಾಕಿ ಹೊಲ ಮಾರುತ್ತೀರಾ? ಇಲ್ಲ ತಾನೆ? ಹಾಗಾದರೆ ಸಾಲಪತ್ರಕ್ಕೆ ಮಾತ್ರ ಈ ಔದಾರ್ಯವೇಕೆ?

ಹೌದು, ಅದು ಸಾಲಪತ್ರವೇ. ಕ್ರೆಡಿಟ್ ಎಂದರೆ ಸಾಲ. ಕಾರ್ಡು ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ತಿಂಗಳ ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟುವವನಿಗೆ ಅದು ಕೆಲವು ವಾರಗಳ ಬಡ್ಡಿಯಿಲ್ಲದ ಕೈಗಡ. ಪೂರ್ತಿ ಕಟ್ಟದವನಿಗೆ ಅದೇ ಶೂಲ.

ಬಿಲ್ಲಿನಲ್ಲಿ 'ಕನಿಷ್ಠ ಮೊತ್ತ' ಎಂಬ ಸಾಲೊಂದಿರುತ್ತದೆ. ಅದೇ ಬಲೆ! ಲೆಕ್ಕ ಹಾಕಿ ನೋಡಿ. 20,000 ರೂಪಾಯಿ ಬಾಕಿ ಒಂದು ತಿಂಗಳು ನಿಂತಿತೆನ್ನಿ. ತಿಂಗಳಿಗೆ ಶೇಕಡ ಮೂರೂವರೆಯಂತೆ ಬಡ್ಡಿ 700. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 126. ಒಟ್ಟು 826. ನೀವು ಸಾವಿರ ರೂಪಾಯಿ ಕಟ್ಟಿ ನಿಟ್ಟುಸಿರು ಬಿಟ್ಟಿರಿ. ಸಾಲ ಇಳಿದದ್ದು ಬರೀ 174 ರೂಪಾಯಿ! ಅಷ್ಟೇ ಅಲ್ಲ, ಬಾಕಿ ಉಳಿದಿರುವಾಗ ಕೊಂಡ ಹೊಸ ಸಾಮಾನಿಗೂ ಕೊಂಡ ದಿನದಿಂದಲೇ ಬಡ್ಡಿ. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರಂತೂ ಮೊದಲ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ ಬೇರೆ.

ತಿಂಗಳಿಗೆ ಮೂರೂವರೆ ಎಂದರೆ ವರ್ಷಕ್ಕೆ 42. ವರ್ಷಕ್ಕೆ ಶೇ. 30 ಮೀರಿದ ಬಡ್ಡಿ ಅನ್ಯಾಯವೆಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಆ ಬೇಲಿಯೂ ಹೋಯಿತು. ಇನ್ನು ನಮ್ಮ ಹೊಲಕ್ಕೆ ನಾವೇ ಕಾವಲು.

ಆದ್ದರಿಂದ ಅರ್ಜಿ ಹಾಕುವ ಮುನ್ನ ಐದು ಪ್ರಶ್ನೆ ಕೇಳಿ. ಎರಡನೇ ವರ್ಷದಿಂದ ವಾರ್ಷಿಕ ಶುಲ್ಕವೆಷ್ಟು? ಬಡ್ಡಿ ವರ್ಷಕ್ಕೆ ಎಷ್ಟು? ತಡವಾದರೆ ದಂಡವೆಷ್ಟು? ನಗದು ತೆಗೆದರೆ ಶುಲ್ಕವೆಷ್ಟು? ಬಡ್ಡಿಯಿಲ್ಲದ ದಿನಗಳೆಷ್ಟು? ವಿಮಾನವನ್ನೇ ಹತ್ತದವನಿಗೆ ಏರ್‌ಪೋರ್ಟ್ ಲೌಂಜಿನ ಕಾರ್ಡು ಯಾತಕ್ಕೆ? ನಿಮ್ಮ ಖರ್ಚು ದಿನಸಿಯಲ್ಲೋ ಪೆಟ್ರೋಲಿನಲ್ಲೋ ನೋಡಿಕೊಂಡು ಆರಿಸಿ. ಸಂಬಳದ ಚೀಟಿ ಇಲ್ಲದವರು ನಿಶ್ಚಿತ ಠೇವಣಿಯ ಆಧಾರದ ಮೇಲೆ ಕಾರ್ಡು ಕೊಡುವ ಬ್ಯಾಂಕುಗಳನ್ನು ವಿಚಾರಿಸಿ.

ಒಂದೇ ವಾರದಲ್ಲಿ ನಾಲ್ಕು ಬ್ಯಾಂಕಿಗೆ ಅರ್ಜಿ ಗುಜರಾಯಿಸಬೇಡಿ. ಪ್ರತಿ ಅರ್ಜಿಯೂ ಸಿಬಿಲ್‌ನಂಥ ಸಾಲಮಾಹಿತಿ ಸಂಸ್ಥೆಯಲ್ಲಿ ದಾಖಲಾಗುತ್ತದೆ. ನಿಮ್ಮ ಅಂಕ ಕುಗ್ಗಬಹುದು. ಆ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಮೊದಲು ಅದನ್ನು ತರಿಸಿ ನೋಡಿ. ಅರ್ಜಿ ತಿರಸ್ಕರಿಸಿದರೆ ಬ್ಯಾಂಕು ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಕೇಳದೆ ಕಾರ್ಡು ಕಳಿಸಿ ಬಿಲ್ಲು ಹಾಕಿದರೆ ಆ ಹಣವನ್ನು ವಾಪಸು ಮಾಡಿ, ಅದರ ಎರಡರಷ್ಟು ದಂಡವನ್ನೂ ನಿಮಗೆ ತೆರಬೇಕು. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಲು ಹೇಳಿದ ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ದಿನಕ್ಕೆ 500 ರೂಪಾಯಿ ದಂಡ. ಇವೆಲ್ಲ ರಿಸರ್ವ್ ಬ್ಯಾಂಕಿನ ನಿಯಮಗಳ ಮಾತುಗಳು. ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಗೊತ್ತಾಗುವುದಾದರೂ ಹೇಗೆ? ಬಡ್ಡಿ, ಶುಲ್ಕಗಳನ್ನು ತಿಳಿಸುವ ಒಂದು ಪುಟದ ಮುಖ್ಯಾಂಶ ಪತ್ರವನ್ನು ಅರ್ಜಿಯ ಜೊತೆಗೇ ಕೊಡಬೇಕೆಂಬುದು ನಿಯಮ. ಷರತ್ತುಗಳು ಗ್ರಾಹಕನಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ, ಆದಷ್ಟೂ ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ಇರಬೇಕೆಂಬುದೂ ನಿಯಮವೇ. ಆದರೆ ಆ 'ಆದಷ್ಟೂ' ಎಂಬ ಸಂದಿಯಲ್ಲಿ ಕನ್ನಡ ಜಾರಿ ಹೋಗಿದೆ! ಆ ಪದವನ್ನು ಕಿತ್ತು 'ಕಡ್ಡಾಯವಾಗಿ' ಎಂದು ಬರೆಯಬೇಕು. ಇದು ನಮ್ಮ ಒತ್ತಾಯ.

1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ತಂದಾಗ, ದಿನಕ್ಕೆ ಎರಡಾಣೆ ಉಳಿಸುವ ಬಡವನ ಮನೆ ಬಾಗಿಲಿಗೇ ಏಜೆಂಟರು ಹೋಗುತ್ತಿದ್ದರು. ಬ್ಯಾಂಕುಗಳ ತವರು ಈ ನಾಡು. ಇಲ್ಲಿ ನಮ್ಮ ಉಳಿತಾಯ ಕೇಳಲು ಕನ್ನಡ ಬೇಕು, ನಮ್ಮ ಸಾಲದ ಷರತ್ತು ಹೇಳಲು ಕನ್ನಡ ಬೇಡವೇ?

ಕನ್ನಡವೆಂದರೆ ನವೆಂಬರಿನ ಬಾವುಟ ಮಾತ್ರವಲ್ಲ. ನಿಮ್ಮ ಜೇಬಿನ ಬೀಗವೂ ಹೌದು. ಕಾರ್ಡು ಕೊಡಲು ಬಂದವರಿಗೆ ಒಂದೇ ಮಾತು ಹೇಳಿ: "ಷರತ್ತು ಕನ್ನಡದಲ್ಲಿ ಕೊಡಿ, ಮನೆಗೆ ಒಯ್ದು ಓದಿ ನಾಳೆ ಹೇಳುತ್ತೇನೆ." ಕೊಡದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನ ಕಾದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ, ಅದಕ್ಕೆ ಶುಲ್ಕವಿಲ್ಲ. ದೂರು ಕೊಡುವ ಬಗೆ ತಿಳಿಯಲು 14448ಕ್ಕೆ ಫೋನು ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡಿ. ಓದಿ ಅರ್ಥವಾಗುವವರೆಗೆ ಪೆನ್ನು ಜೇಬಿನಲ್ಲೇ ಇರಲಿ!